ಏರಿಳಿತವಿಲ್ಲದ ಮಾತು

ಅಕ್ಷರ ಸ್ಪಷ್ಟವಾದರೆ ಮಾತು ಸ್ಪಷ್ಟವಾಯಿತೆಂಬುದು ಸಾಮಾನ್ಯರ ನಂಬಿಕೆ. ಆದರೆ ಮಾತಿಗೆ ಅಕ್ಷರದಷ್ಟೇ ಸ್ವರದ ಏರಿಳಿತವೂ ಪ್ರಾಣವೆಂದು ನನ್ನ ಅಭಿಪ್ರಾಯ. "ಊಟ ಆಯ್ತು" ಎಂಬ ಎರಡೇ ಶಬ್ದಗಳನ್ನು ತೆಗೆದುಕೊಳ್ಳಿರಿ. ಕೊನೆಯಲ್ಲಿ ದನಿ ಇಳಿದರೆ ಅದು ಉತ್ತರ, ಏರಿದರೆ ಪ್ರಶ್ನೆ.

ಈ ಏರಿಳಿತ ಹುಟ್ಟುವುದು ಗಂಟಲಿನ ಧ್ವನಿತಂತುಗಳಿಂದ. ವೀಣೆಯ ತಂತಿಯಂತೆ ಅವು ಬಿಗಿದಾಗ ದನಿ ಏರುತ್ತದೆ, ಸಡಿಲಿದಾಗ ಇಳಿಯುತ್ತದೆ. ತಂತುಗಳನ್ನು ಆಳುವುದು ಸ್ನಾಯು. ಸ್ನಾಯುವನ್ನು ಆಳುವುದು ಮಿದುಳು. ಪಾರ್ಶ್ವವಾಯುವಿನಿಂದಲೋ ಕಂಪವಾತದಿಂದಲೋ ಈ ಆಳ್ವಿಕೆ ಕೆಟ್ಟರೆ, ನಾಲಗೆ ತೊಡರುವುದರೊಡನೆ ದನಿಯೂ ಒಂದೇ ಮಟ್ಟದಲ್ಲಿ ನಿಂತುಬಿಡುವುದುಂಟು. 1969ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾರ್ಲಿ, ಆರನ್ಸನ್, ಬ್ರೌನ್ ಎಂಬ ವಿದ್ವಾಂಸರು ಇಂತಹ ರೋಗಿಗಳ ಮಾತಿನ ಲಕ್ಷಣಗಳನ್ನು ವಿಂಗಡಿಸಿದಾಗ, ಕಂಪವಾತದವರಲ್ಲಿ ಎದ್ದು ಕಂಡ ದೋಷ ಈ ಏಕಸ್ವರವೇ.

ದನಿ ಹೇಗಾದರೇನು, ಶಬ್ದಗಳು ಕೇಳಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. ಧ್ವನಿಮುದ್ರಿಸಿದ ಮಾತಿನಲ್ಲಿ ಅಕ್ಷರಗಳನ್ನು ಹಾಗೆಯೇ ಉಳಿಸಿ, ಏರಿಳಿತವನ್ನು ಮಾತ್ರ ಕಂಪ್ಯೂಟರಿನಿಂದ ಸಮಮಾಡಿ ಕೇಳಿಸಿದ ಪ್ರಯೋಗಗಳು ನಡೆದಿವೆ. ಕೇಳುಗರಿಗೆ ತಿಳಿದ ಮಾತು ಕಡಿಮೆಯಾಯಿತು. ಯಾವ ಪದ ಮುಖ್ಯ, ವಾಕ್ಯ ಎಲ್ಲಿ ಮುಗಿಯಿತು ಎಂಬುದನ್ನು ಅರಿಯಲು ಕಿವಿಗೆ ಏರಿಳಿತವೇ ದೊಡ್ಡ ಆಸರೆ. ವ್ಯಂಜನಗಳು ಮೊದಲೇ ಮಸುಕಾಗಿರುವ ರೋಗಿಗೆ ಈ ಆಸರೆಯೂ ತಪ್ಪಿದರೆ ನಷ್ಟ ಇಮ್ಮಡಿಯಾಗುತ್ತದೆ.

ನಮ್ಮ ತಾತನಿಗೆ ಕಂಪವಾತ. ಕಳೆದ ವರ್ಷ ವೃದ್ಧಾಪ್ಯ ವೇತನ ವಿಚಾರಿಸಲು ಕಚೇರಿಯೊಂದಕ್ಕೆ ಹೋಗಿ "ದುಡ್ಡು ಬಂತು?" ಎಂದರು. ಕೊನೆಯಲ್ಲಿ ದನಿ ಏರಲಿಲ್ಲ. "ಬಂದಿದ್ದರೆ ಮತ್ತೆ ಇಲ್ಲಿಗೇಕೆ ಬಂದಿರಿ?" ಎಂದ ಗುಮಾಸ್ತರು, ನನ್ನ ಕಡೆ ತಿರುಗಿ, "ಯಜಮಾನರಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಮನೆಗೆ ಕರೆದುಕೊಂಡು ಹೋಗಪ್ಪ" ಎಂದರು. ತಾತನ ಬುದ್ಧಿಗೆ ಏನೂ ಆಗಿರಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದಿದವನು ಹೇಳಬೇಕಾದುದನ್ನು ಬರೆದಾದರೂ ತೋರಿಸಿಯಾನು. ಅಕ್ಷರ ಬಾರದವನಿಗೆ ಮಾತೊಂದೇ ಆಸ್ತಿ. ಅದನ್ನೂ ನಾವು ಕೇಳದಿದ್ದರೆ ಅವನಿಗೆ ಉಳಿಯುವುದೇನು?

ಚಿಕಿತ್ಸೆ ಇಲ್ಲವೆಂದಲ್ಲ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂತಹ ಕಡೆ ವಾಕ್ ಚಿಕಿತ್ಸೆ ದೊರೆಯುತ್ತದೆ. ಆದರೆ ಹೊಣೆಯೆಲ್ಲ ರೋಗಿಯದೇ ಅಲ್ಲ. ಮಾತು ಇಬ್ಬರು ಕೂಡಿ ಮಾಡುವ ಕೆಲಸ. ಗದ್ದಲವಿಲ್ಲದೆಡೆ ಕೂರಿಸಿ, ಮುಖ ನೋಡುತ್ತ ಕೇಳಿ, "ನೀವು ಕೇಳುತ್ತಿದ್ದೀರೋ, ಹೇಳುತ್ತಿದ್ದೀರೋ?" ಎಂದು ವಿಚಾರಿಸಿದರೆ ಕಷ್ಟ ಎಷ್ಟೋ ಹಗುರಾಗುತ್ತದೆ.

ಸಹಪಾಠಿಗಳೇ, ನಾಳೆ ಶಾಲೆ ಕಚೇರಿಗಳಲ್ಲಿ ಮೇಜಿನ ಆಚೆ ಬದಿಗೆ ಕೂರುವವರು ನಾವೇ. ದನಿ ಏರದವನ ಬುದ್ಧಿಯೂ ಮಂಕೆಂದು ಎಣಿಸದಿರುವುದು ಪದವೀಧರರಾದವರ ಮೊದಲ ವಿದ್ಯೆಯಾಗಲಿ.