ಅಬ್ಬಾನ ಗಡಿಯಾರ ಮಾರುವ ಮುನ್ನ

ಸಹೋದರಿಯರೇ, ಅಬ್ಬಾ ಕಟ್ಟುತ್ತಿದ್ದ ಹಳೇ ಕೈಗಡಿಯಾರ ನಿಮ್ಮ ಬೀರುವಿನಲ್ಲಿದೆಯೇ? ಕೊಳ್ಳೇಗಾಲ, ಹನೂರು, ಯಳಂದೂರಿನಂಥ ಊರುಗಳಲ್ಲಿ ಗಲ್ಫಿನಿಂದ ಬಂದ ‘ರಾಡೋ’ಗೆ ಒಡವೆಯಷ್ಟೇ ಮರ್ಯಾದೆಯಿತ್ತು. ಇಂದು ಕಷ್ಟಕಾಲಕ್ಕೆಂದು ಮಾರಹೊರಟರೆ ‘ಬರೀ ಸ್ಟೀಲು’ ಎಂದು ಕಡಿಮೆ ಬೆಲೆಗೆ ಕೇಳುವವರುಂಟು. ಕೊಳ್ಳಹೊರಟರೆ ನಕಲಿಯನ್ನು ಅಸಲಿಯೆಂದು ಕೊಡುವವರೂ ಉಂಟು. ಆದ್ದರಿಂದ ನಾಲ್ಕು ವಿಷಯ ತಿಳಿದಿರಲಿ.

ಗೀರು ಬೀಳದ ‘ಡಯಾಸ್ಟಾರ್’ ಗಡಿಯಾರವನ್ನು ರಾಡೋ 1962ರಲ್ಲಿ ತಂದಿತು. ಅದರ ಹೊರಕವಚ ಟಂಗ್‌ಸ್ಟನ್ ಕಾರ್ಬೈಡಿನದು, ಗಾಜು ಕೃತಕ ನೀಲಮಣಿ, ಅಂದರೆ ಸಫೈರ್. ನಮ್ಮ ಎಚ್‌ಎಂಟಿ ಜನತಾದ್ದು ಅಕ್ರಿಲಿಕ್. ಬೇಗ ಗೀರಾಗುತ್ತದೆ, ಆದರೆ ಉಜ್ಜಿ ಹೊಳಪು ತರಬಹುದು.

ಮೊದಲು ಕೈಯಲ್ಲಿ ಹಿಡಿಯಿರಿ. ಟಂಗ್‌ಸ್ಟನ್ ಕಾರ್ಬೈಡ್ ಸ್ಟೀಲಿಗಿಂತ ಸುಮಾರು ಎರಡು ಪಟ್ಟು ಭಾರ. ಗಾಜಿನ ಮೇಲೆ ಒಂದೇ ಹನಿ ನೀರಿಡಿ. ಸಫೈರ್ ಮೇಲೆ ಹನಿ ಗುಂಡಗೆ ನಿಲ್ಲುತ್ತದೆ, ಸಾದಾ ಗಾಜಿನ ಮೇಲೆ ಹರಡುತ್ತದೆ. ಇದು ಸುಳಿವಷ್ಟೇ, ತೀರ್ಪಲ್ಲ, ಕೂಡಲೇ ಒರೆಸಿಬಿಡಿ. ಆಟೋಮ್ಯಾಟಿಕ್ ರಾಡೋದ ಮುಖದಲ್ಲಿರುವ ಪುಟ್ಟ ಲಂಗರು ಕೈ ಅಲುಗಿದಾಗ ತಿರುಗಬೇಕು. ತಿರುಗದಿದ್ದರೆ ಬಹುಕಾಲ ಸರ್ವಿಸ್ ಆಗಿಲ್ಲವೆಂದು ತಿಳಿಯಿರಿ. ಹಿಂಬದಿಯ ಮುಚ್ಚಳ ಸ್ಟೀಲು; ಅಲ್ಲಿ ಗೀರಿದ್ದರೆ ನಕಲಿ ಎನ್ನಬೇಡಿ.

ಚಾಕು, ಉಪ್ಪುಕಾಗದದಿಂದ ಉಜ್ಜಿ ಪರೀಕ್ಷಿಸಲು ಯಾರಿಗೂ ಬಿಡಬೇಡಿ. ಗೀರು ಬೀಳದ್ದೆಂದರೆ ಒಡೆಯದ್ದೆಂದಲ್ಲ. ಕಲ್ಲುನೆಲಕ್ಕೆ ಬಿದ್ದರೆ ಅಂಚು ಹಾರೀತು.

ಮಾರುವುದಾದರೆ ಮುಚ್ಚಳವನ್ನು ನಿಮ್ಮೆದುರೇ ತೆಗೆಸಿ, ಎರಡು ಮೂರು ಕಡೆ ಬೆಲೆ ಕೇಳಿ. ಕೊಳ್ಳುವವರಿಗೆ ಅದರ ಕೊರತೆಯನ್ನೂ ಹೇಳಿ. ಅಬ್ಬಾನ ವಸ್ತುವಿಗೆ ಅದೇ ನಾವು ಕೊಡುವ ಗೌರವ.