ಥಾರ್‌ಗೆ ಕೋಡು ಯಾಕೆ ಸ್ವಾಮಿ?

ನಮ್ಮೂರು ಯಲಿಯೂರು. ಮಂಡ್ಯದಿಂದ ಮೈಸೂರು ಕಡೆ ಪ್ಯಾಸೆಂಜರ್ ರೈಲು ಹತ್ತಿದ್ರೆ ಮುಂದಿನ ಸ್ಟೇಷನ್ನು. ವೀಕೆಂಡ್ ಊರಿಗೆ ಹೋದಾಗೆಲ್ಲ ನೋಡ್ತೀನಿ, ಬೆಂಗಳೂರಿಂದ ಕೊಡಗಿಗೆ ಹೊರಟ ಥಾರ್, ಜಿಮ್ನಿಗಳ ಸಾಲು. ಮುಂದೆ ಕಬ್ಬಿಣದ ಬಂಪರ್ರು, ತಲೆ ಮೇಲೆ ಲೈಟಿನ ಪಟ್ಟಿ, ಪಕ್ಕಕ್ಕೆ ಚಾಚಿಕೊಂಡ ದಪ್ಪ ಟೈರು. ನನ್ನ ಟೀಮಿನವನೊಬ್ಬ ಇಂಥದ್ದೇ ಗಾಡಿ ತಗೊಂಡು ಊರಿಗೆ ಬಂದಿದ್ದ. ನಮ್ಮ ಚಿಕ್ಕಪ್ಪ ಒಂದು ಸುತ್ತು ಹಾಕಿ ನೋಡಿ, "ಏನ್ಲಾ ಮಗ, ಇದು ಗದ್ದೆಗೆ ಇಳಿತದಾ, ಇಲ್ಲ ಬರೀ ಮೆರವಣಿಗೆಗಾ?" ಅಂದ್ರು. ಅವನು ಪಾಪ, ನಕ್ಕು ಸುಮ್ಮನಾದ :)

ಆದ್ರೆ ಪ್ರಶ್ನೆ ಸರಿಯಾಗೇ ಇದೆ ಅಂತ ನನಗನ್ಸುತ್ತೆ. ಈ ಗಾಡಿಗಳಿಗೆ ಮಾಡಿಸೋ ಮಾರ್ಪಾಡಲ್ಲಿ ಮುಕ್ಕಾಲು ಪಾಲು ಕಾಡಿಗೆ ಬೇಕಿಲ್ಲ, ಊರಿಗೆ ಅಪಾಯ.

ಮಾರ್ಪಾಡು ಅನ್ನೋದು ನಮ್ಮ ಕಡೆ ಹೊಸದೇನಲ್ಲ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ್ರೆ ಟ್ರ್ಯಾಕ್ಟರಿಗೆ ಕೇಜ್‌ವೀಲ್ ಕಟ್ಟುತ್ತಾರೆ, ಕೆಸರಲ್ಲಿ ಚಕ್ರ ಹೂತು ಹೋಗದಿರಲಿ ಅಂತ. ಗದ್ದೆ ಕೆಲಸ ಮುಗಿದ ಮೇಲೆ ಬಿಚ್ಚಿಡ್ತಾರೆ. (ಬಿಚ್ಚದೆ ಹಾಗೇ ಟಾರು ರಸ್ತೆಗೆ ಬರೋರೂ ಇದ್ದಾರೆ, ಅವರಿಗೆ ಊರೆಲ್ಲ ಬಯ್ಯುತ್ತೆ.) ಕೆಲಸಕ್ಕೆ ತಕ್ಕಂತೆ ಹಾಕೋದು, ಮುಗಿದ ಮೇಲೆ ತೆಗೆಯೋದು. ಥಾರ್ ಮಾಲೀಕ ಹಾಗಲ್ಲ, ವಾರದ ಐದು ದಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೂ ಅದೇ ವೇಷದಲ್ಲಿ ಹೋಗ್ತಾನೆ.

ನಿಜ ಏನಂದ್ರೆ, ಗಾಡಿ ಶೋರೂಮಿಂದ ಬರುವಾಗಲೇ ಸಮರ್ಥವಾಗಿರುತ್ತೆ. 2020ರಲ್ಲಿ ಬಂದ ಥಾರ್‌ಗೆ ಕಂಪನಿಯೇ ಹೇಳೋ ಪ್ರಕಾರ ನೆಲದಿಂದ 226 ಮಿ.ಮೀ. ಎತ್ತರ, 650 ಮಿ.ಮೀ. ನೀರಲ್ಲಿ ಇಳಿಯೋ ಶಕ್ತಿ. ಜೊತೆಗೆ ಫೋರ್ ಲೋ ಗೇರ್ ಬೇರೆ. ಅದಕ್ಕೆ ಇನ್ನೂ ಎರಡಿಂಚು ಲಿಫ್ಟ್ ಮಾಡಿಸಿದ್ರೆ ಭಾರ ಮೇಲಕ್ಕೇರಿ ತಿರುವಲ್ಲಿ ಮಗುಚೋ ಅಪಾಯ ಜಾಸ್ತಿ, ಆಕ್ಸಲ್ ಜಾಯಿಂಟುಗಳ ಕೋನ ಬದಲಾಗಿ ಬೇಗ ಸವೆಯುತ್ತವೆ. ಟೈರು ದೊಡ್ಡದಾದ್ರೆ ಬ್ರೇಕಿಗೆ ಹೊರೆ, ಸ್ಪೀಡೋಮೀಟರ್ರೂ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸುತ್ತೆ. 2023ರಲ್ಲಿ ಬಂದ ಬರೀ ಹಿಂದಿನ ಚಕ್ರದ ಥಾರ್‌ಗೂ ಇಷ್ಟೆಲ್ಲ ಸಿಂಗಾರ ಮಾಡೋರನ್ನ ನೋಡಿದ್ದೀನಿ. ಅದಕ್ಕೇನಂತೀರಿ!

ಲೈಟಿನ ಪಟ್ಟಿ ಹಾಕೋ ದುಡ್ಡಲ್ಲಿ ಒಂದು ಏರ್ ಕಂಪ್ರೆಸರ್, ಒಂದು ಪ್ರೆಶರ್ ಗೇಜ್, ಒಳ್ಳೆ ರಿಕವರಿ ಸ್ಟ್ರಾಪ್ ಬರುತ್ತೆ. ಕೆಸರು, ಮರಳಲ್ಲಿ ಟೈರಿನ ಗಾಳಿ 18-20 ಪಿಎಸ್‌ಐಗೆ ಇಳಿಸಿದ್ರೆ ಸಿಗೋ ಹಿಡಿತ ಎಷ್ಟೋ ಆಕ್ಸೆಸರಿಗಳಿಂದ ಸಿಗಲ್ಲ. ಟಾರಿಗೆ ಬಂದ ತಕ್ಷಣ ಮತ್ತೆ ತುಂಬಿಸಬೇಕು, ಫೋರ್ ವೀಲ್ ಡ್ರೈವಿಂದಲೂ ತೆಗೀಬೇಕು. ಈ ಗಾಡಿಗಳಲ್ಲಿ ಮಧ್ಯದ ಡಿಫರೆನ್ಷಿಯಲ್ ಇಲ್ಲ, ಒಣ ರಸ್ತೆಯ ತಿರುವಲ್ಲಿ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಜಗ್ಗಾಡಿ ಗೇರುಗಳೇ ಹಾಳಾಗ್ತವೆ.

ಹಳ್ಳ ದಾಟಿ ಬಂದ ಮೇಲಿನ ಕೆಲಸ ಇನ್ನೊಂದು. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ. ಬ್ರೀದರ್ ಪೈಪು ಸರಿಯಿಲ್ಲದಿದ್ರೆ ಸೀಲು ದಾಟಿ ನೀರು ಒಳಗೆ ಸೇರುತ್ತೆ. ಡಿಫರೆನ್ಷಿಯಲ್ ಆಯಿಲ್ ಹಾಲು ಬೆರೆಸಿದ ಕಾಫಿ ತರ ಕಂಡ್ರೆ ಅವತ್ತೇ ಬದಲಾಯಿಸಬೇಕು. ಇನ್‌ಸ್ಟಾಗ್ರಾಮಲ್ಲಿ ಹಳ್ಳ ದಾಟೋ ವಿಡಿಯೋ ಎಷ್ಟೊಂದು ಇವೆ, ಆಮೇಲೆ ಆಯಿಲ್ ನೋಡೋ ವಿಡಿಯೋ ಒಂದಾದ್ರೂ ಕಂಡಿದ್ದೀರಾ?

ಈಗ ಅಪಾಯದ ಮಾತು. ಕಬ್ಬಿಣದ ಬಂಪರ್ ಗುದ್ದಿದ ಪೆಟ್ಟನ್ನ ತಾನು ಹೀರಲ್ಲ, ಎದುರಿಗಿರೋನಿಗೆ ಕೊಡುತ್ತೆ, ಏರ್‌ಬ್ಯಾಗ್ ಸೆನ್ಸರ್ ಲೆಕ್ಕಾನೂ ತಪ್ಪಿಸಬಹುದು. 2017ರ ಡಿಸೆಂಬರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮ ಕೈಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. ನಮ್ಮ ನಾಲೆ ಏರಿ ರಸ್ತೆಗಳಲ್ಲಿ ಸಂಜೆ ಮೇಲೆ ಮೊಪೆಡ್ಡಲ್ಲಿ ಹುಲ್ಲಿನ ಹೊರೆ ಹೇರಿಕೊಂಡು ಬರೋರ ಕಣ್ಣಿಗೆ ಆ ಲೈಟು ಬಿದ್ರೆ? ಎಷ್ಟೋ ಕಡೆ ತಡೆಗೋಡೆ ಇಲ್ಲ, ಪಕ್ಕದಲ್ಲೇ ನೀರು. 2018ರ ನವೆಂಬರಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ವಿ.ಸಿ. ನಾಲೆಗೆ ಬಸ್ಸು ಬಿದ್ದು 30 ಜನ ಹೋದ್ರು. ಅದಕ್ಕೂ ಲೈಟಿಗೂ ಸಂಬಂಧ ಇಲ್ಲ, ನಿಜ. ಆದ್ರೆ ಆ ರಸ್ತೆಗಳಲ್ಲಿ ಕಣ್ಣು ಕತ್ತಲೆ ಬಂದ್ರೆ ಸರಿದುಕೊಳ್ಳೋಕೆ ಎಷ್ಟು ಜಾಗ ಇದೆ ಅನ್ನೋದು ನಮಗೆ ಗೊತ್ತು.

ಕಾನೂನೂ ಕಠಿಣವಾಗೇ ಇದೆ. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಮಾರ್ಪಾಡು ಒಂದಕ್ಕೆ 5000 ರೂಪಾಯಿ ದಂಡ, ಅಥವಾ ಎರಡೂ. ನನ್ನ ತಕರಾರು ಇಲ್ಲೊಂದಿದೆ. ಆಸ್ಟ್ರೇಲಿಯಾದಲ್ಲಿ ಒಂದು ಮಿತಿವರೆಗೆ ಗಾಡಿ ಎತ್ತರಿಸಬಹುದು, ಅದಕ್ಕಿಂತ ಹೆಚ್ಚಾದ್ರೆ ಮಾನ್ಯತೆ ಪಡೆದ ಎಂಜಿನಿಯರ್ ಪರೀಕ್ಷಿಸಿ ಪ್ರಮಾಣಪತ್ರ ಕೊಡ್ತಾರೆ. ನಮ್ಮಲ್ಲೂ ಆರ್‌ಟಿಒ ಮೂಲಕ ಅಂಥ ಪರೀಕ್ಷೆಯ ದಾರಿ ಇದ್ರೆ ಗಂಭೀರವಾಗಿ ಮಾಡೋರು ಬೆಳಕಿಗೆ ಬರ್ತಾರೆ, ಶೋಕಿಯೋರು ಅಲ್ಲೇ ಸಿಕ್ಕಿಬೀಳ್ತಾರೆ.

ಮುಂದಿನ ಸಲ ಮಾಂದಲಪಟ್ಟಿಗೋ ಕೊಡಚಾದ್ರಿಗೋ ಹೋದಾಗ ಅಲ್ಲಿ ಬಾಡಿಗೆಗೆ ಓಡೋ ಹಳೇ ಜೀಪುಗಳ ಪಕ್ಕ ನಿಂತು ನೋಡಿ. ಮಳೆಗಾಲದ ಆ ಗುಂಡಿ, ಕಲ್ಲಿನ ದಾರೀಲಿ ದಿನಕ್ಕೆ ಎಷ್ಟೋ ಸಲ ಹತ್ತಿ ಇಳಿಯೋ ಗಾಡಿಗಳು. ಡ್ರೈವರಣ್ಣನ ಹತ್ತಿರ ಲೀಫ್ ಸ್ಪ್ರಿಂಗ್ ಬಗ್ಗೆ, ಗ್ರೀಸ್ ಬಗ್ಗೆ ಕೇಳಿ. ಟ್ರಿಪ್ಪಿಗೆ ಟೈಮಿದ್ರೆ ಮಾತ್ರ ಕೇಳಿ, ಬೇಗ ಮುಗಿಯಲ್ಲ.