ಹಾಡುವ ಮಗ ಊರು ಬಿಡುವ ಮುನ್ನ

ಸಿರುಗುಪ್ಪದಿಂದ ಆದೋನಿಗೆ ಹೋಗುವ ದಾರಿಯಲ್ಲಿರುವ ರಾರಾವಿಯಂಥ ಒಂದು ಊರನ್ನು ಕಣ್ಣೆದುರು ತಂದುಕೊಳ್ಳೋಣ. ಸುತ್ತ ಭತ್ತದ ಗದ್ದೆಗಳು, ಹತ್ತಿರದಲ್ಲೇ ಹರಿಯುವ ವೇದಾವತಿ ಹಗರಿ, ಅದರಾಚೆ ಆಂಧ್ರದ ಗಡಿ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಮೊಹರಂ ಬಂತೆಂದರೆ ಈ ಸೀಮೆಯ ಹಳ್ಳಿಗಳಲ್ಲಿ ಕನ್ನಡದ ರಿವಾಯತ್ ಪದಗಳನ್ನು ಹಿಂದೂಗಳೂ ಮುಸ್ಲಿಮರೂ ಕೂಡಿ ಹಾಡುವುದುಂಟು. ಇಂಥ ಊರಿನ ಒಂದು ಮನೆಯಲ್ಲಿ ಹರೆಯದ ಮಗನೊಬ್ಬ ರಾತ್ರಿಯೂಟದ ಹೊತ್ತಿಗೆ, 'ಅಬ್ಬಾ, ನಾನು ಬೆಂಗಳೂರಿಗೆ ಹೋಗುತ್ತೇನೆ. ಹಾಡುಗಾರನಾಗುತ್ತೇನೆ' ಎಂದರೆ ಏನಾದೀತು?

ಸಾಮಾನ್ಯವಾಗಿ ಎರಡರಲ್ಲೊಂದು ಆಗುತ್ತದೆ. ತಂದೆ ಕೆರಳಿ, 'ಹೋಗುವುದಾದರೆ ಮತ್ತೆ ಈ ಹೊಸ್ತಿಲು ತುಳಿಯಬೇಡ' ಎನ್ನುತ್ತಾರೆ. ಇಲ್ಲವೇ, 'ಹುಡುಗಾಟ, ನಾಲ್ಕು ದಿನಕ್ಕೆ ಇಳಿದುಹೋಗುತ್ತದೆ' ಎಂದು ಕಡೆಗಣಿಸುತ್ತಾರೆ. ಫಲಿತಾಂಶ ಮಾತ್ರ ಒಂದೇ. ಹುಡುಗ ಒಂದು ದಿನ ಹೇಳದೆ ಕೇಳದೆ ಬಸ್ಸು ಹತ್ತುತ್ತಾನೆ. ಅವನ ಕೈಯಲ್ಲಿ ವಿದ್ಯೆಯೂ ಇರುವುದಿಲ್ಲ, ಹಣವೂ ಇರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸೋತು ಮರಳಿ ಬರಲು ಒಂದು ಮನೆ ಇರುವುದಿಲ್ಲ. ಮೊದಲೆರಡು ಕೊರತೆಗಳನ್ನು ನಗರದಲ್ಲಿ ಹೇಗೋ ತುಂಬಿಕೊಳ್ಳಬಹುದು. ಮೂರನೆಯದನ್ನು ತುಂಬಿಕೊಡುವ ನಗರ ಭೂಮಿಯ ಮೇಲೆ ಎಲ್ಲಿದೆ?

ಸಂಗೀತದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ ಎಂಬುದು ನಮಗೆ ಹೊಸ ವಿಷಯವೇನಲ್ಲ. ಬಹುಪಾಲು ಫಿಕ್ಹ್ ಪಂಡಿತರು ವಾದ್ಯಗಳ ವಿಷಯದಲ್ಲಿ ಬಿಗಿಯಾದ ನಿಲುವು ತಳೆದಿದ್ದಾರೆ. ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ'ದಲ್ಲಿ ಇದನ್ನೇ ವಿಸ್ತಾರವಾಗಿ ಚರ್ಚಿಸಿ, ಕೇಳುವವನ ಮನಸ್ಥಿತಿ, ಹಾಡಿನ ಹುರುಳು, ಹಾಡುವ ಸಂದರ್ಭ ಇವುಗಳನ್ನು ಗಮನಿಸಿ ತೀರ್ಪು ಕೊಡುತ್ತಾರೆ. ಇಬ್ನು ಹಝ್ಮ್‌ರಂಥವರು ನಿಷೇಧಕ್ಕೆ ಆಧಾರವಾಗಿ ಹೇಳಲಾಗುವ ವರದಿಗಳನ್ನೇ ದುರ್ಬಲವೆಂದಿದ್ದಾರೆ. ಈ ಚರ್ಚೆಯನ್ನು ಇಲ್ಲಿ ಮುಗಿಸಿಬಿಡುವ ಉದ್ದೇಶ ನಮಗಿಲ್ಲ. ಪ್ರತಿಯೊಂದು ಕುಟುಂಬವೂ ತಾನು ವಿಶ್ವಾಸವಿರಿಸಿದ ವಿದ್ವಾಂಸರನ್ನು ಕೇಳಿ ತಿಳಿದುಕೊಳ್ಳಲಿ. ನಮ್ಮ ಪ್ರಶ್ನೆ ಬೇರೆ. ಭಿನ್ನಾಭಿಪ್ರಾಯವಿರುವ ಒಂದು ವಿಷಯಕ್ಕಾಗಿ ಮಗನೊಂದಿಗಿನ ಸಂಬಂಧವನ್ನೇ ಕಡಿದುಕೊಳ್ಳಲು ನಮಗೆ ಅನುಮತಿ ಕೊಟ್ಟವರು ಯಾರು? ರಕ್ತಸಂಬಂಧ ಕಡಿಯುವುದರ ಬಗ್ಗೆ ಪವಿತ್ರ ಕುರ್‌ಆನ್ ಎಚ್ಚರಿಸಿದೆ. ಅಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವೇ ಇಲ್ಲ.

2017ರ ಒಂದು ಘಟನೆಯನ್ನು ನೆನಪಿಸಿಕೊಳ್ಳಿ. ಶಿವಮೊಗ್ಗ ಜಿಲ್ಲೆಯ ಸಾಗರದ ಯುವತಿ ಸುಹಾನಾ ಸೈಯದ್ ಕನ್ನಡದ 'ಸರಿಗಮಪ' ಟಿ.ವಿ. ಸ್ಪರ್ಧೆಯಲ್ಲಿ ಹಿಂದೂ ಭಕ್ತಿಗೀತೆಯೊಂದನ್ನು ಹಾಡಿದರು. ಅದರ ಬೆನ್ನಲ್ಲೇ ಸಾಮಾಜಿಕ ಜಾಲತಾಣದಲ್ಲಿ ಮುಸ್ಲಿಮರ ಹೆಸರು ಹೊತ್ತ ಪುಟವೊಂದು ಆಕೆಯನ್ನೂ ಆಕೆಯ ಹೆತ್ತವರನ್ನೂ ಹೀಯಾಳಿಸಿತು. ಇನ್ನೊಂದೆಡೆ ಸಮುದಾಯದ ಹಲವರು ಆಕೆಯ ಬೆಂಬಲಕ್ಕೆ ನಿಂತರು. ಆದರೆ ರಾಜಕೀಯಕ್ಕೆ ಬೇಕಾಗಿದ್ದದ್ದು ಆ ಬೈಗುಳ ಮಾತ್ರ. ಯಾರೋ ಕೆಲವರು ಬರೆದ ಮಾತನ್ನು ಇಡೀ ಸಮುದಾಯದ ತೀರ್ಪೆಂಬಂತೆ ಚಾನೆಲ್‌ಗಳಲ್ಲಿ ದಿನಗಟ್ಟಲೆ ಚರ್ಚಿಸಲಾಯಿತು. ಆ ಗದ್ದಲದಲ್ಲಿ ಆ ಯುವತಿ ಎಷ್ಟು ವರ್ಷ ಕಲಿತಳು, ಮುಂದೆ ಏನು ಮಾಡಬೇಕೆಂದಿದ್ದಾಳೆ ಎಂದು ಕೇಳಿದವರೆಷ್ಟು ಮಂದಿ? ಬೈದವರಿಗೂ ಆಕೆ ಬೇಕಿರಲಿಲ್ಲ, ಆಕೆಯನ್ನು ಎತ್ತಿ ಆಡಿದವರಲ್ಲಿ ಅನೇಕರಿಗೂ ಬೇಕಿರಲಿಲ್ಲ. ತಪ್ಪೆಂದು ಕಂಡದ್ದನ್ನು ತಿದ್ದುವುದಕ್ಕೆ ಒಂದು ಶಿಷ್ಟಾಚಾರವಿದೆ. ಸಾವಿರಾರು ಜನರೆದುರು ಒಂದು ಹೆಣ್ಣುಮಗಳನ್ನು ಅವಮಾನಿಸುವುದನ್ನು ಉಪದೇಶವೆಂದು ಕರೆಯಲಾಗದು.

ಇನ್ನು, ಊರು ಬಿಡಲು ಹೊರಟ ಯುವಕರಿಗೆ ಹೇಳಬೇಕಾದ ಮಾತೂ ಇದೆ. ಗದಗಿನ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದರು. ಅವರನ್ನು ಸೆಳೆದದ್ದು ಉಸ್ತಾದ್ ಅಬ್ದುಲ್ ಕರೀಂ ಖಾನರ ಗ್ರಾಮೊಫೋನ್ ತಟ್ಟೆ. ಗುರುವನ್ನು ಹುಡುಕುತ್ತಾ ಗ್ವಾಲಿಯರ್‌ವರೆಗೆ ಅಲೆದರು. ಅಲ್ಲಿಯ ಸಂಗೀತ ಶಾಲೆಗೆ ಸೇರಲು ನೆರವಾದವರು ಸರೋದ್ ವಾದಕ ಉಸ್ತಾದ್ ಹಾಫಿಝ್ ಅಲಿ ಖಾನ್. ಕೊನೆಗೆ ತಂದೆ ಅವರನ್ನು ಪಂಜಾಬಿನ ಜಲಂಧರದಲ್ಲಿ ಪತ್ತೆಹಚ್ಚಿ ಮನೆಗೆ ಕರೆತಂದರು. ಓಡಿಹೋದ ಮಗನಿಗೆ ಮನೆಯ ಬಾಗಿಲು ಮುಚ್ಚಿರಲಿಲ್ಲ. ಆಮೇಲೆ ಅವರಿಗೆ ಗುರು ಸಿಕ್ಕಿದ್ದೆಲ್ಲಿ? ಗದಗಿನಿಂದ ನೂರು ಕಿ.ಮೀ. ಕೂಡ ಇಲ್ಲದ ಕುಂದಗೋಳದಲ್ಲಿ! ಆ ಗುರು ಸವಾಯಿ ಗಂಧರ್ವರು ಸ್ವತಃ ಅಬ್ದುಲ್ ಕರೀಂ ಖಾನರ ಶಿಷ್ಯರಾಗಿದ್ದರು. ಅವರಲ್ಲಿಗೇ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬಂದು ಕಲಿತವರು ಗಂಗೂಬಾಯಿ ಹಾನಗಲ್. ಅವರು ಮಹಾನಗರಕ್ಕೆ ವಲಸೆ ಹೋಗದೆ ಹುಬ್ಬಳ್ಳಿಯಲ್ಲೇ ಬಾಳಿ, ದೇಶಕ್ಕೆಲ್ಲ ಹೆಸರಾದರು.

ಮಹಮ್ಮದ್ ರಫಿಯವರ ವಿಷಯವನ್ನೂ ನೋಡೋಣ. ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಅವರು 1944ರಲ್ಲಿ ಮುಂಬಯಿಗೆ ಹೋದಾಗ ಬರಿಗೈಯ ಹುಡುಗನಾಗಿರಲಿಲ್ಲ. ಲಾಹೋರಿನಲ್ಲಿ ಉಸ್ತಾದರ ಬಳಿ ಕಲಿತಿದ್ದರು, ಅಲ್ಲಿಯ ಆಕಾಶವಾಣಿಯಲ್ಲಿ ಹಾಡಿದ್ದರು. ಮುಂದೆ 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕಾಗಿ ಕನ್ನಡದಲ್ಲೂ ಹಾಡಿದರು. ನಗರ ಕಲಾವಿದನನ್ನು ಹುಟ್ಟಿಸುವುದಿಲ್ಲ. ತಯಾರಾಗಿ ಬಂದವನಿಗೆ ವೇದಿಕೆ ಕೊಡುತ್ತದೆ, ಅಷ್ಟೇ. ತಯಾರಾಗದೆ ಬಂದವನನ್ನು ಅದು ದುಡಿಸಿಕೊಂಡು ಬಿಸಾಡುತ್ತದೆ.

ಕಲಿಯಲು ಬೆಂಗಳೂರೇ ಆಗಬೇಕೆಂದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಜಾತಿಮತ ಕೇಳದೆ ಅಂಧರಿಗೆ, ಅನಾಥರಿಗೆ ಅನ್ನ ಮತ್ತು ಸಂಗೀತ ವಿದ್ಯೆ ಕೊಡುವ ಮನೆಯಾಗಿ ಬೆಳೆಸಿದರು. ಧಾರವಾಡದಲ್ಲಿ ಸಿತಾರ ರತ್ನ ರಹಿಮತ್ ಖಾನರ ಮನೆತನ ತಲೆಮಾರುಗಳಿಂದ ಸಿತಾರ್ ಕಲಿಸಿದೆ. ಅವರ ಮೊಮ್ಮಗ ಉಸ್ತಾದ್ ಬಾಲೇಖಾನರು 2007ರಲ್ಲಿ ತೀರಿಕೊಳ್ಳುವವರೆಗೂ ಆ ಪರಂಪರೆಯನ್ನು ಬೆಳಗಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗವಿದೆ. ಹೊಸಪೇಟೆಯಲ್ಲಿ ಆಕಾಶವಾಣಿ ಕೇಂದ್ರವಿದೆ. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾಗಿ ಒಂದು ಶ್ರೇಣಿ ಪಡೆದವನು ತನ್ನ ಯೋಗ್ಯತೆಯನ್ನು ನೆರೆಹೊರೆಯವರ ಚಪ್ಪಾಳೆಯಿಂದಲ್ಲ, ಬಲ್ಲವರ ತೀರ್ಪಿನಿಂದ ಅಳೆದುಕೊಂಡಂತಾಗುತ್ತದೆ. ಬಸ್ಸು ಹತ್ತುವ ಮುನ್ನ ಇದೊಂದನ್ನಾದರೂ ಮಾಡಬಾರದೇ?

ಹೊಟ್ಟೆಪಾಡಿನ ಪ್ರಶ್ನೆಯೂ ಇದೆ. ಬಳ್ಳಾರಿ ರಾಘವರು ಇಡೀ ದಕ್ಷಿಣ ಭಾರತ ಬಲ್ಲ ನಟರು. ಆದರೆ ವೃತ್ತಿಯಲ್ಲಿ ಅವರು ಬಳ್ಳಾರಿಯ ವಕೀಲರು. ದುಡಿಮೆ ವಕೀಲಿಯಲ್ಲಿ ಇದ್ದುದರಿಂದ ಕಲೆಯನ್ನು ಮಾರಿಕೊಳ್ಳಬೇಕಾದ ದುಃಸ್ಥಿತಿ ಅವರಿಗೆ ಬರಲಿಲ್ಲ. ನಮ್ಮ ಮಕ್ಕಳೂ ಪದವಿಯನ್ನೋ ಐ.ಟಿ.ಐ.ಯನ್ನೋ ಮುಗಿಸಿ, ಕೈಗೊಂದು ಕಸುಬು ಹಿಡಿದುಕೊಂಡೇ ಹೊರಡಲಿ. ಬಾಡಿಗೆಯ ಚಿಂತೆಯಿಲ್ಲದವನು ಮಾತ್ರ ಕೆಟ್ಟ ಅವಕಾಶಕ್ಕೆ 'ಬೇಡ' ಎನ್ನಬಲ್ಲ.

ಕಾನೂನನ್ನೂ ತಿಳಿದಿರಬೇಕು. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ಬಂದ ತಿದ್ದುಪಡಿಯು ಗೀತೆ ಬರೆದವರಿಗೂ ಸಂಗೀತ ಸಂಯೋಜಿಸಿದವರಿಗೂ ಗೌರವಧನದಲ್ಲಿ ಬಿಟ್ಟುಕೊಡಲಾಗದ ಪಾಲನ್ನು ಕೊಟ್ಟಿತು. ಹಾಡುಗಾರನ ಹಾಡು ವಾಣಿಜ್ಯಕ್ಕೆ ಬಳಕೆಯಾದರೆ ಅವನಿಗೂ ಹಕ್ಕುಂಟು. ಹಕ್ಕುಗಳ ವರ್ಗಾವಣೆ ಬರಹದಲ್ಲೇ ಆಗಬೇಕು. ಅವಧಿಯನ್ನು ಕಾಣಿಸದಿದ್ದರೆ ಅದು ಐದು ವರ್ಷಕ್ಕೆ ಸೀಮಿತ. ಹೀಗಿದ್ದೂ ಹಳ್ಳಿಯಿಂದ ಬಂದ ಹುಡುಗ 'ನಿನ್ನ ಹೆಸರು ಬರುತ್ತದೆ' ಎಂಬ ಒಂದೇ ಮಾತಿಗೆ ಮರುಳಾಗಿ, ಓದದ ಕಾಗದಕ್ಕೆ ಸಹಿ ಹಾಕುತ್ತಾನೆ. ಅವಕಾಶ ಕೊಡಿಸುವುದಾಗಿ ಮುಂಗಡ ಹಣ ಕೇಳುವವರ ಕೈಗೆ ತಾಯಿಯ ಬಂಗಾರ ಅಡವಿಟ್ಟ ದುಡ್ಡನ್ನು ಒಪ್ಪಿಸುತ್ತಾನೆ. ಮನೆಯವರೊಂದಿಗೆ ಮಾತು ನಿಂತಿರುವವನಿಗೆ ಈ ಕಾಗದವನ್ನು ಓದಿ ಹೇಳುವವರು ಯಾರು? ಮುಚ್ಚಿದ ಬಾಗಿಲಿನ ನಿಜವಾದ ಲಾಭ ಯಾರಿಗೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಆದ್ದರಿಂದ ತಂದೆ-ತಾಯಂದಿರಲ್ಲಿ ನಮ್ಮ ವಿನಂತಿಯಿಷ್ಟೆ. ಒಪ್ಪಿಗೆಯಿಲ್ಲವಾದರೆ ಇಲ್ಲವೆಂದೇ ಹೇಳಿ. ಯಾಕಿಲ್ಲ ಎಂಬುದನ್ನೂ ತಾಳ್ಮೆಯಿಂದ ವಿವರಿಸಿ. ಆದರೆ 'ಮತ್ತೆ ಬರಬೇಡ' ಎಂಬ ಮಾತನ್ನು ನಾಲಗೆಯ ಮೇಲೆ ತರಬೇಡಿ. ಎರಡು ವರ್ಷ ಕಲಿಯಲಿ, ಬಲ್ಲವರೆದುರು ಪರೀಕ್ಷೆಗೊಳಗಾಗಲಿ, ಆಮೇಲೆ ಕೂತು ಮಾತಾಡೋಣ ಎಂದು ಗಡುವು ಹಾಕಿ. ಮೊಹಲ್ಲಾದ ಹಿರಿಯರು ಚಾಡಿ ಹೇಳುವುದನ್ನು ಬಿಟ್ಟು, ಬೆಂಗಳೂರಿನಲ್ಲಿ ಆ ಹುಡುಗನಿಗೆ ಮರ್ಯಾದಸ್ಥರ ಒಂದು ವಿಳಾಸ ಕೊಡಿಸಲಿ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಹೊಣೆ ಇನ್ನೂ ಹೆಚ್ಚು, ಯಾಕೆಂದರೆ ಅವರ ಪಾಲಿಗೆ ಬಾಗಿಲು ಮುಚ್ಚುವುದು ಬೇಗ, ತೆರೆಯುವುದು ತಡ.

ಹೋದವರೆಲ್ಲ ಗೆಲ್ಲುವುದಿಲ್ಲ. ಹೆಚ್ಚಿನವರು ಒಂದು ದಿನ ಮರಳಿ ಬರುತ್ತಾರೆ. ಅಂದು ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಊರ ದಾರಿ ಹಿಡಿದ ಮಗನಿಗೆ, ಮನೆಯಲ್ಲಿ ತನ್ನ ಪಾಲಿನ ತಟ್ಟೆ ಇದೆಯೆಂಬ ಭರವಸೆ ಇರಬೇಕು. ಅದನ್ನು ಉಳಿಸಿಕೊಟ್ಟ ಮನೆಯ ಮಾತಿಗೆ ಮಾತ್ರ ಆ ಮಗ ಮುಂದೆಯೂ ಕಿವಿಗೊಡುತ್ತಾನೆ.